ವಾದ್ಯದ ತೂಕ

ಹಸುವನ್ನು ಕೊಳ್ಳಲು ಬಂದವನು ಏನೇನನ್ನು ವಿಚಾರಿಸುವನೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದೇ ಇರುವುದು. ಎಷ್ಟು ಹಾಲು ಕರೆಯುತ್ತದೆ, ಎಷ್ಟನೆಯ ಸೂಲು, ಒದೆಯುವುದುಂಟೆ, ಹಾಯುವುದುಂಟೆ, ಸುಳಿ ಹೇಗಿದೆ ಎಂದು ಒಂದನ್ನೂ ಬಿಡದೆ ಕೇಳಿ, ಹಲ್ಲನ್ನೂ ನೋಡಿ, ಆಮೇಲೆ ಬೆಲೆಯ ಮಾತನ್ನು ಎತ್ತುತ್ತಾನೆ. ಹಿಂದಿನವರು ಮನೆಯನ್ನು ಕೊಳ್ಳುವ ಮೊದಲು ಅದರ ಬಾವಿಯ ನೀರನ್ನು ಕುಡಿದು ನೋಡುತ್ತಿದ್ದರು. ಸಂಗೀತದ ವಾದ್ಯವನ್ನು ಕೊಳ್ಳಲು ಬರುವವರಾದರೋ ನಾದವನ್ನು ಕೇಳುತ್ತಾರೆ, ಬಣ್ಣವನ್ನು ನೋಡುತ್ತಾರೆ, ಎಷ್ಟು ವರ್ಷದ ಹಳೆಯದೆಂದು ಕೇಳುತ್ತಾರೆ. ಅದರ ತೂಕವೆಷ್ಟೆಂದು ಮಾತ್ರ ಯಾರೂ ಕೇಳುವುದಿಲ್ಲ. ಕಳೆದ ವರ್ಷ ನಮ್ಮ ಮನೆಯಿಂದ ಒಂದು ಎಲೆಕ್ಟ್ರಿಕ್ ಗಿಟಾರನ್ನು ಮಾರಬೇಕಾಗಿ ಬಂದಾಗ ಈ ಸಂಗತಿಯು ನಮ್ಮ ಅನುಭವಕ್ಕೆ ಬಂದಿತು. ಮನೆಯಲ್ಲಿ ಮಕ್ಕಳಿಗೆ ಈ ವಾದ್ಯವನ್ನು ಕೊಡಿಸಬೇಕೆಂದಿರುವವರಿಗೂ, ಮೂಲೆಯಲ್ಲಿ ನಿಂತಿರುವುದನ್ನು ಮಾರಬೇಕೆಂದಿರುವವರಿಗೂ ನಾವು ಕಂಡುಕೊಂಡದ್ದು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಗಿಟಾರು ಎಂದೊಡನೆ ಹಲವರ ಕಣ್ಣಿನ ಮುಂದೆ ನಿಲ್ಲುವುದು ಹೊಟ್ಟೆ ಟೊಳ್ಳಾಗಿ, ನಡುವೆ ದುಂಡಗೆ ತೂತುಳ್ಳ ಮರದ ವಾದ್ಯವು. ಅದರಲ್ಲಿ ನಾದವನ್ನು ಹುಟ್ಟಿಸುವುದು ತೆಳುವಾದ ಹಲಗೆ ಮತ್ತು ಒಳಗಿನ ಗಾಳಿ. ಆದಕಾರಣ ಅದು ಹಗುರವಾಗಿದ್ದೇ ತೀರಬೇಕು. ಸುಮಾರು ೨ ಕಿಲೋ ತೂಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಕ್ರಮವೇ ಬೇರೆ. ಅದರಲ್ಲಿ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ, ಅದರ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ತಂತಿಯು ಮಿಡಿದೊಡನೆ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟಿ, ಹೊರಗಿನ ಯಂತ್ರದಲ್ಲಿ ಹಿಗ್ಗಿ, ಧ್ವನಿಯಾಗುತ್ತದೆ. ಅಮೆರಿಕಾ ದೇಶದಲ್ಲಿ ೧೯೩೨ರಲ್ಲಿ ಈ ಬಗೆಯ ಗಿಟಾರು ಮೊದಲು ಮಾರಾಟಕ್ಕೆ ಬಂದಾಗ ಅದನ್ನು ಅಲ್ಯೂಮಿನಿಯಮಿನಿಂದ ಎರಕ ಹೊಯ್ದಿದ್ದರು. ಅದರ ಆಕಾರವನ್ನು ಕಂಡು ಜನರು 'ಬಾಣಲೆ' ಎಂದು ಅಡ್ಡಹೆಸರಿಟ್ಟರು. ಅದು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ ನುಡಿಸತಕ್ಕದ್ದಾಗಿದ್ದುದರಿಂದ ತೂಕದ ಪ್ರಶ್ನೆಯೇ ಹುಟ್ಟಲಿಲ್ಲ.

ಪ್ರಶ್ನೆ ಹುಟ್ಟಿದುದು ವಾದಕನು ಎದ್ದು ನಿಂತಾಗ. ಟೊಳ್ಳು ಗಿಟಾರಿಗೇ ಅಯಸ್ಕಾಂತವನ್ನು ಕೂಡಿಸಿ ದೊಡ್ಡ ಸಭೆಗಳಲ್ಲಿ ನುಡಿಸತೊಡಗಿದರು. ಧ್ವನಿಯನ್ನು ಏರಿಸಿದಂತೆ ಹೊರಗಿನ ಶಬ್ದವೇ ಮರಳಿ ಬಂದು ಟೊಳ್ಳು ಪೆಟ್ಟಿಗೆಯನ್ನು ನಡುಗಿಸಿ ಅದು ಅರಚತೊಡಗಿತು. ಮದುವೆಯ ಮನೆಗಳಲ್ಲಿ ಮೈಕು ಕಿರಿಚುವುದನ್ನು ಕೇಳಿ ಕಿವಿ ಮುಚ್ಚಿಕೊಂಡವರಿಗೆ ಈ ಬಾಧೆಯನ್ನು ವರ್ಣಿಸಬೇಕಾದುದಿಲ್ಲ. ಇದಕ್ಕೆ ಪರಿಹಾರವಾಗಿ ಟೊಳ್ಳನ್ನೇ ತೆಗೆದುಹಾಕಿ ಇಡೀ ಒಡಲನ್ನು ಗಟ್ಟಿ ಮರದಿಂದ ಮಾಡುವ ಉಪಾಯ ಹೊಳೆಯಿತು. ಲೆಸ್ ಪಾಲ್ ಎಂಬ ಪ್ರಸಿದ್ಧ ವಾದಕನು ೧೯೪೦ರ ಸುಮಾರಿಗೆ ಒಂದು ಪೈನ್ ಮರದ ತೊಲೆಗೇ ತಂತಿ ಬಿಗಿದು ನುಡಿಸಿ ನೋಡಿದನು. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋಗಳನ್ನು ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬವನು ೧೯೫೦ರಲ್ಲಿ ಗಟ್ಟಿ ಹಲಗೆಯ ಗಿಟಾರನ್ನು ಮಾರಾಟಕ್ಕೆ ತಂದನು. ಈತನಿಗೆ ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ವಿನೋದದ ಸಂಗತಿ. ೧೯೫೨ರಲ್ಲಿ ಮಿಶಿಗನ್ ಪ್ರಾಂತದ ಕ್ಯಾಲಮಜೂವಿನಲ್ಲಿದ್ದ ಗಿಬ್ಸನ್ ಕಾರ್ಖಾನೆಯವರು ಮಹಾಗನಿ ಮರದ ದಪ್ಪ ಒಡಲಿನ ಮೇಲೆ ಮೇಪಲ್ ಮರದ ಹೊದಿಕೆಯನ್ನು ಕೂರಿಸಿ, ಲೆಸ್ ಪಾಲನ ಹೆಸರನ್ನೇ ಇಟ್ಟು ಒಂದು ಗಿಟಾರನ್ನು ಹೊರತಂದರು. ಅರಚಾಟವೇನೋ ಬಹುಮಟ್ಟಿಗೆ ನಿಂತಿತು. ಆದರೆ ೪ ಕಿಲೋಗೂ ಮೀರಿದ ಮರದ ದಿಮ್ಮಿಯು ವಾದಕನ ಎಡ ಹೆಗಲಿಗೆ ಬಂದು ನೇತುಬಿದ್ದಿತು.

ವಾದಕರು ಸುಮ್ಮನಿರಲಿಲ್ಲ. ಚಚ್ಚೌಕವಾದ ಹಲಗೆಯ ಅಂಚು ಪಕ್ಕೆಲುಬಿಗೆ ಒತ್ತುತ್ತದೆಂದು ಫೆಂಡರನಲ್ಲಿ ದೂರಿದರು. ೧೯೫೪ರಲ್ಲಿ ಅವನು ಹೊರತಂದ ಸ್ಟ್ರಾಟೊಕ್ಯಾಸ್ಟರ್ ಎಂಬ ಗಿಟಾರಿನಲ್ಲಿ ಹೊಟ್ಟೆಗೆ ತಗಲುವ ಹಿಂಭಾಗವನ್ನೂ, ಮುಂಗೈ ಊರುವ ಮೇಲಂಚನ್ನೂ ಹೆರೆದು ಮೈಗೆ ಹೊಂದುವಂತೆ ಮಾಡಿದನು. ಗಿಬ್ಸನ್ನಿನವರು ೧೯೬೧ರಲ್ಲಿ ತಮ್ಮ ದಪ್ಪ ಗಿಟಾರನ್ನು ಕೈಬಿಟ್ಟು, ಎರಡು ಕೊಂಬುಗಳ ತೆಳುವಾದ ಮಾದರಿಯನ್ನು ಹಿಡಿದರು. ಅದು ೩ ಕಿಲೋವಿನ ಆಸುಪಾಸಿನದು. ಆದರೂ ಜನರಿಗೆ ಹಳೆಯ ದಪ್ಪ ಗಿಟಾರಿನ ನಾದವೇ ಬೇಕೆನ್ನಿಸಿ, ೧೯೬೮ರಲ್ಲಿ ಅದನ್ನು ಮರಳಿ ತರಬೇಕಾಯಿತು! ಮನುಷ್ಯನ ಕಿವಿಯ ಸುಖಕ್ಕೂ ಹೆಗಲ ಸುಖಕ್ಕೂ ಆಗಿನಿಂದ ನಡೆಯುತ್ತಿರುವ ವ್ಯಾಜ್ಯವು ಇನ್ನೂ ತೀರ್ಮಾನವಾಗಿಲ್ಲ.

ನಮ್ಮಲ್ಲಿದ್ದುದು ಈ ಲೆಸ್ ಪಾಲ್ ಮಾದರಿಯದೇ. ಅದು ನಮ್ಮ ತಮ್ಮನ ಸ್ವತ್ತು. ನಮ್ಮದು ಅಣ್ಣನಾದವನ ಮೇಲ್ವಿಚಾರಣೆ ಮಾತ್ರ. ತಮ್ಮನು ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರು ನುಡಿಸುವವನು. ಗಣೇಶನ ಹಬ್ಬದಿಂದ ಮೊದಲ್ಗೊಂಡು ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ಬೆಂಗಳೂರಿನ ಬಡಾವಣೆಗಳಲ್ಲಿಯೂ ಸುತ್ತಣ ಊರುಗಳಲ್ಲಿಯೂ ಬೀದಿಗೊಂದು ಪೆಂಡಾಲು; ಅವನ ವರ್ಷದ ಸಂಪಾದನೆಯಲ್ಲಿ ಬಹುಭಾಗವು ಈ ಮೂರು ತಿಂಗಳದೇ. ಸಂಜೆ ಏಳಕ್ಕೆ ನಿಂತರೆ ಹನ್ನೊಂದರವರೆಗೆ ಕೂರುವಂತಿಲ್ಲ. ಏಳು ವರ್ಷ ಹೀಗೆ ನಡೆಯಿತು. ಆಮೇಲೆ ಕಾರ್ಯಕ್ರಮದಿಂದ ಮರಳಿ ಬಂದವನು ಬಿಸಿನೀರಿನ ಶಾಖ ಕೇಳತೊಡಗಿದನು. ಅನಂತರ ಎಡಗೈಯ ಕಿರುಬೆರಳು ಜೋಮು ಹಿಡಿಯುತ್ತದೆಂದನು. ಗಿಟಾರಿನವನಿಗೆ ಎಡಗೈಯ ಬೆರಳೆಂದರೆ ಅನ್ನವೇ. ವೈದ್ಯರು ಕುತ್ತಿಗೆಯನ್ನೂ ಹೆಗಲನ್ನೂ ಒತ್ತಿ ನೋಡಿ, "ನುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ, ಆದರೆ ಹೊರುವುದನ್ನು ಕಡಮೆ ಮಾಡಿ" ಎಂದರು. ಹಗುರವಾದ ಬೇರೊಂದು ಗಿಟಾರನ್ನು ಕೊಳ್ಳಬೇಕು. ಅದಕ್ಕೆ ಹಣವು ಇದನ್ನು ಮಾರಿಯೇ ಬರಬೇಕು. ಗಣೇಶನ ಹಬ್ಬಕ್ಕೆ ಒಂದು ತಿಂಗಳು ಮಾತ್ರ ಉಳಿದಿತ್ತು.

ಮಾರುವ ಮೊದಲು ತೂಗಿ ನೋಡೋಣವೆಂದು ನಾವು ಅದನ್ನು ಬೀದಿಯ ಕೊನೆಯಲ್ಲಿರುವ ರದ್ದಿ ಅಂಗಡಿಗೆ ಹೊತ್ತೆವು. ಹಳೆಯ ಕಾಗದವನ್ನು ತೂಗುವ ಕೊಕ್ಕೆಯ ತಕ್ಕಡಿಗೆ ಅದನ್ನು ಸಿಕ್ಕಿಸಿದ ಅಂಗಡಿಯವನು, "ಇದಕ್ಕೆ ಕಿಲೋಗೆ ಎಷ್ಟು ಹೇಳ್ತೀರಾ ಸ್ವಾಮಿ?" ಎಂದು ಗಂಭೀರವಾಗಿಯೇ ಕೇಳಿದನು. ೪ ಕಿಲೋ ೬೦೦ ಗ್ರಾಂ ಎಂದು ತೋರಿಸಿತು.

ಅಷ್ಟೇನು ಮಹಾ ಭಾರವೆಂದು ವಾಚಕರು ಕೇಳಬಹುದು. ನಾವೂ ಮನೆಯಲ್ಲಿ ಹಾಗೆಂದಾಗ ನಮ್ಮ ಮನೆಯವರು ಕೊಟ್ಟ ಉತ್ತರವು ನಾವು ಓದಿದ ಎಲ್ಲ ವಿವರಣೆಗಳಿಗಿಂತಲೂ ಸ್ಪಷ್ಟವಾಗಿತ್ತು. "ಆರು ತಿಂಗಳ ಕೂಸು ಇದಕ್ಕಿಂತ ಭಾರವಾಗಿರುತ್ತದೆ. ಅದನ್ನು ಎತ್ತಿಕೊಂಡು ನಾವು ಅಡಿಗೆಯನ್ನೂ ಮಾಡುತ್ತೇವೆ. ಆದರೆ ಈ ಸೊಂಟ ನೊಂದರೆ ಆ ಸೊಂಟಕ್ಕೆ ಹಾಕಿಕೊಳ್ಳುತ್ತೇವೆ. ನಿಮ್ಮ ತಮ್ಮ ಇದನ್ನು ಬಲ ಹೆಗಲಿಗೆ ಹಾಕಿಕೊಳ್ಳಬಹುದೆ?" ಎಂದರು. ಹಾಕಿಕೊಳ್ಳುವಂತಿಲ್ಲ. ಗಿಟಾರಿನ ಪಟ್ಟಿಯು ಎಡ ಹೆಗಲ ಮೇಲೆ ಒಂದೇ ಜಾಗದಲ್ಲಿ ನಾಲ್ಕು ಗಂಟೆಗಳ ಕಾಲ ಕುಳಿತಿರುತ್ತದೆ. ಅದನ್ನು ಜಾರಗೊಡದಿರಲು ಹೆಗಲು ತಾನಾಗಿ ಸ್ವಲ್ಪ ಮೇಲೇರುತ್ತದೆ. ಬೆರಳುಗಳನ್ನು ನೋಡಲು ಕತ್ತು ಅದೇ ಕಡೆಗೆ ಬಾಗುತ್ತದೆ. ಭಾರಕ್ಕಿಂತಲೂ ಅಲುಗದ ಭಾರವು ಕೆಟ್ಟದ್ದು.

ನಮ್ಮ ಹಿರಿಯರು ಈ ವಿಷಯದಲ್ಲಿ ಬಹಳ ಜಾಣತನದಿಂದ ನಡೆದುಕೊಂಡರೆಂದು ನಮಗೆ ತೋರುತ್ತದೆ. ಸರಸ್ವತೀ ವೀಣೆಯು ಹಗುರವಾದ ವಸ್ತುವೇನಲ್ಲ. ಹಲಸಿನ ಮರದ ಕೊಡವನ್ನು ಒಮ್ಮೆ ಎತ್ತಿ ನೋಡಿದವರಿಗೆ ಗೊತ್ತು. ಆದರೆ ಆ ಕೊಡವು ನೆಲದ ಮೇಲೆ ಕೂರುತ್ತದೆ. ಎಡಗಡೆಯ ಬುರುಡೆಯು ತೊಡೆಯ ಮೇಲೆ ನಿಲ್ಲುತ್ತದೆ. ಹೊರುವುದು ಭೂಮಿ, ನುಡಿಸುವುದು ಮನುಷ್ಯ. ಪಿಟೀಲನ್ನು ಪಾಶ್ಚಾತ್ಯರು ಗದ್ದದ ಕೆಳಗೆ ಒತ್ತಿ ಹಿಡಿದರೆ, ನಮ್ಮ ವಿದ್ವಾಂಸರು ನೆಲದ ಮೇಲೆ ಕುಳಿತು ಅದರ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಊರಿಕೊಂಡರು. ಕೈ ಹಗುರವಾದುದರಿಂದಲೇ ಎಡಗೈಯು ತಂತಿಯ ಉದ್ದಕ್ಕೂ ಜಾರಿ ಗಮಕಗಳನ್ನು ತೆಗೆಯುತ್ತದೆ. ಹಿಂದೂಸ್ಥಾನೀ ಸಂಗೀತಕ್ಕೆ ಗಿಟಾರನ್ನು ಒಗ್ಗಿಸಿದ ಬ್ರಿಜಭೂಷಣ ಕಾಬ್ರಾ ಅವರೂ, ೧೯೯೪ರಲ್ಲಿ ಗ್ರ್ಯಾಮಿ ಪಾರಿತೋಷಕವನ್ನು ಪಡೆದ ವಿಶ್ವಮೋಹನ ಭಟ್ಟರೂ ಅದನ್ನು ತೊಡೆಯ ಮೇಲೆ ಮಲಗಿಸಿಯೇ ನುಡಿಸಿದರು. ಡೊಳ್ಳು ಕುಣಿತದವರು ಮಾತ್ರ ಹೆಗಲಿಗೆ ಭಾರವಾದ ಡೊಳ್ಳನ್ನು ತೂಗುಹಾಕಿಕೊಂಡು ಕುಣಿಯುತ್ತಾರೆ. ಆದರೆ ಅವರು ಕುಣಿಯುತ್ತಾರೆಂಬುದನ್ನು ಗಮನಿಸಬೇಕು. ರಸಮಂಜರಿಯಲ್ಲಿ ಹಾಡುವವರು ಕುಣಿಯುತ್ತಾರೆ, ಗಿಟಾರಿನವನು ನಿಂತೇ ಇರುತ್ತಾನೆ.

ಮಾರದೆಯೇ ನಿರ್ವಹಿಸಬಹುದೆ ಎಂದೂ ಪ್ರಯತ್ನಿಸಿದೆವು. ೫ ಸೆಂಟಿಮೀಟರು ಅಗಲದ ಪಟ್ಟಿಯನ್ನು ತೆಗೆದು ೯ ಸೆಂಟಿಮೀಟರಿನ ಮೆತ್ತೆಯುಳ್ಳ ಚರ್ಮದ ಪಟ್ಟಿಯನ್ನು ಹಾಕಿದೆವು. ಅಗಲವು ಹೆಚ್ಚಿದಂತೆ ಒತ್ತಡವು ಹಂಚಿಹೋಗಿ ಹೆಗಲಿನ ಚರ್ಮ ಕೆಂಪಾಗುವುದು ನಿಂತಿತು. ಹೊರೆಯಾದರೋ ಅಷ್ಟೇ ಇದ್ದಿತು. ಪಟ್ಟಿಯನ್ನು ಗಿಡ್ಡ ಮಾಡಿ ಗಿಟಾರನ್ನು ಎದೆಯ ಹತ್ತಿರಕ್ಕೆ ಏರಿಸಿದುದರಿಂದ ಮಣಿಕಟ್ಟಿನ ಬಾಗು ಕಡಮೆಯಾಯಿತು. ಇದು ಹೊಸಬರೆಲ್ಲರೂ ಮಾಡಬೇಕಾದ ಕೆಲಸವೇ ಹೌದು. ಆದರೆ ಹುಡುಗರು ಚಿತ್ರಗಳಲ್ಲಿ ಕಂಡವರಂತೆ ಗಿಟಾರನ್ನು ಮೊಣಕಾಲಿನವರೆಗೆ ಇಳಿಬಿಟ್ಟುಕೊಳ್ಳುವುದರಲ್ಲಿಯೇ ಶೋಭೆಯಿದೆಯೆಂದು ಭಾವಿಸುತ್ತಾರೆ. ಮನೆಯಲ್ಲಿ ಅಭ್ಯಾಸವನ್ನೆಲ್ಲ ಕುಳಿತೇ ಮಾಡಿದನು. ಇಷ್ಟಾದರೂ ವೇದಿಕೆಯ ನಾಲ್ಕು ಗಂಟೆಗಳು ನಾಲ್ಕು ಗಂಟೆಗಳಾಗಿಯೇ ಉಳಿದುವು.

ಇಲ್ಲಿ ಒಂದು ನಂಬಿಕೆಯ ಮಾತನ್ನು ಹೇಳಿಬಿಡಬೇಕು. ಗಿಟಾರು ಭಾರವಾದಷ್ಟೂ ನಾದವು ಹೆಚ್ಚು ಹೊತ್ತು ನಿಲ್ಲುವುದೆಂದು ವಾದಕರಲ್ಲಿ ಅನೇಕರು ಪ್ರಮಾಣ ಮಾಡಿ ಹೇಳುತ್ತಾರೆ. ಅಷ್ಟೇ ಬಲವಾಗಿ ಅಲ್ಲವೆನ್ನುವವರೂ ಇದ್ದಾರೆ. ಕಾರ್ಖಾನೆಯವರೇ ೧೯೮೦ರ ದಶಕದಿಂದ ಈಚೆಗೆ ಮಹಾಗನಿಯ ಒಳಗೆ ಹೊರಗೆ ಕಾಣದಂತೆ ತೂತುಗಳನ್ನು ಕೊರೆದು ಭಾರವನ್ನು ಇಳಿಸುತ್ತ ಬಂದಿದ್ದಾರೆ. ಹಾಗೆ ಕೊರೆದವುಗಳನ್ನು ನುಡಿಸಿ ಹೆಸರಾದವರಿಗೇನೂ ಕೊರತೆಯಿಲ್ಲ. ಒಂದೇ ಜಾತಿಯ ಮರದಲ್ಲಿಯೂ ಒಂದು ಹಲಗೆ ಭಾರ, ಇನ್ನೊಂದು ಹಗುರ. ಆದುದರಿಂದ ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಗಿಟಾರುಗಳಲ್ಲಿ ಅರ್ಧ ಕಿಲೋಗೂ ಮಿಕ್ಕಿ ವ್ಯತ್ಯಾಸವಿರುವುದುಂಟು. ಹೆಸರನ್ನು ನೋಡಿ ತೂಕವನ್ನು ಊಹಿಸಕೂಡದು; ಆ ಒಂದು ವಾದ್ಯವನ್ನೇ ತೂಗಬೇಕು. ಅಂದ ಹಾಗೆ, ನಮ್ಮ ಗಿಟಾರಿನಲ್ಲಿ ಬೆರಳೂರುವ ಪಟ್ಟಿಯು ಬೀಟೆಯ ಮರದ್ದಾಗಿತ್ತು. ನಮ್ಮ ಮಲೆನಾಡಿನಲ್ಲಿ ಬೆಳೆಯುವ ಜಾತಿಯ ಮರವನ್ನು ಗಿಟಾರಿನ ಮೈಯಲ್ಲಿ ಕಂಡಾಗ ನಮಗೆ ನೆಂಟರನ್ನು ಪರಸ್ಥಳದಲ್ಲಿ ಕಂಡಂತಾಗುತ್ತಿತ್ತು.

ಮಾರಾಟದ ಸಿದ್ಧತೆಯಲ್ಲಿ ಹೇಳತಕ್ಕ ವಿಶೇಷವೇನೂ ಇಲ್ಲ. ಬೆವರಿನ ಕಲೆಯನ್ನು ಒರಸಿ, ಹೊಸ ತಂತಿಗಳನ್ನು ಕಟ್ಟಿಸಿ, ಗರಗರಗುಟ್ಟುತ್ತಿದ್ದ ಒಂದು ಬಿರಡೆಯನ್ನು ಸರಿಪಡಿಸಿದ್ದಾಯಿತು. ೪೨,೦೦೦ ರೂಪಾಯಿಗೆ ಕೊಂಡದ್ದು. ೩೬,೦೦೦ ಕೇಳುವುದೆಂದು ನಿಶ್ಚಯಿಸಿದೆವು. ಪರಿಚಿತರಿಗೆಲ್ಲ ಕಳುಹಿಸಲು ನಾವು ಬರೆದ ನಾಲ್ಕು ಸಾಲುಗಳಲ್ಲಿ "ತೂಕ ೪ ಕಿಲೋ ೬೦೦ ಗ್ರಾಂ; ಹೆಚ್ಚು ಹೊತ್ತು ನಿಂತು ನುಡಿಸುವವರಿಗೆ ಭಾರವೆನಿಸಬಹುದು" ಎಂಬುದೂ ಸೇರಿತ್ತು. ತಮ್ಮನು ಅದನ್ನು ಎರಡು ಸಲ ಓದಿ, "ಅಣ್ಣ, ಇದನ್ನು ಯಾರೂ ಬರೆಯುವುದಿಲ್ಲ. ಕೇಳಿದರೆ ಹೇಳೋಣ" ಎಂದನು. ಕೇಳುವುದಿಲ್ಲವೆಂದು ಗೊತ್ತಿರುವುದರಿಂದಲೇ ಬರೆಯಬೇಕೆಂಬುದು ನಮ್ಮ ವಾದವಾಗಿತ್ತು. ಅವನು ಒಪ್ಪಿದನೆಂದು ಹೇಳಲಾರೆವು, ಸುಮ್ಮನಾದನು.

ಹದಿನೈದು ದಿನ ಯಾರೂ ಬರಲಿಲ್ಲ. ಹದಿನಾರನೆಯ ದಿನ ತುಮಕೂರಿನಿಂದ ಒಬ್ಬರು ಗೃಹಸ್ಥರು ಕಾಲೇಜಿಗೆ ಹೋಗುವ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯು ಸಣಕಲು ಮೈಯವಳು. ಆದರೆ ಕೈ ಬಹಳ ಚೆನ್ನಾಗಿತ್ತು. ಒಳಗೆ ಅಡಿಗೆಮನೆಯಲ್ಲಿದ್ದ ನಮ್ಮ ಮನೆಯವರು ನುಡಿಸುತ್ತಿರುವವನು ತಮ್ಮನೆಂದೇ ತಿಳಿದರಂತೆ. ಚೌಕಾಶಿ ಮಾಡದೆ ೩೬,೦೦೦ ಕೊಡಲು ತಂದೆಯು ಸಿದ್ಧವಾಗಿದ್ದರು. ಹಣವು ಜೇಬಿನಿಂದ ಹೊರಗೆ ಬಂದೇ ಬಂದಿತ್ತು. ನಾವು, "ಕಾಫಿಯಾಗುವವರೆಗೆ ಅರ್ಧ ಗಂಟೆ ನಿಂತುಕೊಂಡು ನುಡಿಸಮ್ಮ" ಎಂದೆವು. ಕೊಳ್ಳುವವರು ಅಂಗಡಿಯಲ್ಲಿ ಐದು ನಿಮಿಷ ಕುಳಿತು ನುಡಿಸಿ ನೋಡುತ್ತಾರೆ. ಐದು ನಿಮಿಷಕ್ಕೆ ಯಾವುದೂ ಭಾರವಲ್ಲ. ಅರ್ಧ ಗಂಟೆಯೇ ನಿಜವಾದ ತಕ್ಕಡಿ. ಹತ್ತು ನಿಮಿಷಕ್ಕೆ ಅವಳ ಎಡ ಹೆಗಲು ಮೇಲೇರಿತು. ಹದಿನೈದಕ್ಕೆ ಪಟ್ಟಿಯನ್ನು ಕತ್ತಿನ ಕಡೆಗೆ ಸರಿಸಿಕೊಂಡಳು. ಇಪ್ಪತ್ತಕ್ಕೆ ಗಿಟಾರಿನ ಅಡಿಯನ್ನು ಪಕ್ಕದ ಮೇಜಿನ ಅಂಚಿಗೆ ಯಾರಿಗೂ ತಿಳಿಯದಂತೆ ಊರಿದಳು.

"ಭಾರವೆ?" ಎಂದು ಕೇಳಿದೆವು.

"ಏನಿಲ್ಲ ಅಂಕಲ್, ಅಭ್ಯಾಸವಾಗುತ್ತದೆ" ಎಂದಳು.

ಅದುವರೆಗೆ ಬಾಗಿಲ ಬಳಿ ಮೌನವಾಗಿ ನಿಂತಿದ್ದ ತಮ್ಮನು, "ನನಗೂ ಅಭ್ಯಾಸವಾಗಿತ್ತಮ್ಮ, ಏಳು ವರ್ಷ" ಎಂದು ಹೇಳಿ, ತನ್ನ ಬೆರಳಿನ ಸಂಗತಿಯನ್ನು ಅವಳಿಗೆ ತಿಳಿಸಿದನು. ಮೂರೂವರೆ ಕಿಲೋ ಮೀರದುದನ್ನು ಹುಡುಕುವಂತೆಯೂ, ಕೊಳ್ಳುವ ಮೊದಲು ಕೈಬಿಟ್ಟು ನೋಡಿ ಕತ್ತಿನ ಭಾಗವು ತಾನಾಗಿ ಕೆಳಗೆ ಬಾಗುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸುವಂತೆಯೂ ಹೇಳಿದನು. ತಂದೆಯವರು ನಮ್ಮಿಬ್ಬರ ಮುಖವನ್ನೂ ನೋಡಿ, "ಮಾರುವವರೇ ಬೇಡವೆನ್ನುವುದನ್ನು ಇಂದೇ ಕಂಡೆ, ಸಾರ್. ವಾದ್ಯದಲ್ಲಿ ಬೇರೆ ಏನಾದರೂ ಐಬಿದೆಯೆ?" ಎಂದು ಸಂಶಯದಿಂದಲೇ ಕೇಳಿದರು. ಇಲ್ಲವೆಂದೆವು. ಅವರು ಪೂರ್ತಿಯಾಗಿ ನಂಬಿದಂತೆ ಕಾಣಲಿಲ್ಲ. ಕಾಫಿ ಕುಡಿದು ಹೊರಟರು. ಅಂದು ರಾತ್ರಿ ಊಟದಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಹಬ್ಬಕ್ಕೆ ಹದಿನಾಲ್ಕು ದಿನ ಉಳಿದಿತ್ತು.

ಎಂಟು ದಿನದ ಮೇಲೆ ಬಂದವನು ಒಂದು ಚಿಕ್ಕ ಧ್ವನಿಮುದ್ರಣ ಶಾಲೆಯಲ್ಲಿ ಕೆಲಸ ಮಾಡುವ ಯುವಕ. ಬಂದವನೇ ಕುರ್ಚಿಯಲ್ಲಿ ಕುಳಿತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ನುಡಿಸಿದನು. ನಾವು ತೂಕದ ಮಾತನ್ನೆತ್ತಿದಾಗ, "ನಾನು ನಿಂತು ನುಡಿಸಿದ್ದು ಕಾಲೇಜಿನಲ್ಲೇ ಕೊನೆ, ಸಾರ್. ದಿನವೆಲ್ಲ ಕುರ್ಚಿಯೇ" ಎಂದು ನಕ್ಕನು. ಅವನ ತೊಡೆಗೆ ಆ ಭಾರವು ಗುಣವೇ ಆಗಿತ್ತು; ಗಿಟಾರು ಅಲುಗದೆ ಕೂರುತ್ತಿತ್ತು. ಆದರೆ ಬೆಲೆಯ ಮಾತಿಗೆ ಬಂದಾಗ ಅವನೇ, "ತೂಕ ಹೆಚ್ಚೆಂದು ನೀವೇ ಬರೆದಿದ್ದೀರಲ್ಲ?" ಎಂದು ನಮ್ಮ ಸಾಲನ್ನೇ ನಮಗೆ ಓದಿ ತೋರಿಸಿ, ೩೧,೦೦೦ಕ್ಕಿಂತ ಒಂದು ಕಾಸು ಹೆಚ್ಚು ಕೊಡೆನೆಂದು ಕುಳಿತನು. ತನಗೆ ತಗಲದ ಭಾರಕ್ಕೆ ಐದು ಸಾವಿರ ರೂಪಾಯಿ ಇಳಿಸಿಕೊಂಡ ಆತನ ಚಾತುರ್ಯವನ್ನು ನಾವು ಇಂದಿಗೂ ಮೆಚ್ಚುತ್ತೇವೆ. ತಮ್ಮನು ಮೆಚ್ಚುವುದಿಲ್ಲ. ಅಗಲವಾದ ಚರ್ಮದ ಪಟ್ಟಿಯನ್ನೂ ಜೊತೆಗೆ ಕೇಳಿದನು. ಕುಳಿತು ನುಡಿಸುವವನಿಗೆ ಪಟ್ಟಿಯೇಕೆಂದು ಅದನ್ನು ಕೊಡಲಿಲ್ಲ.

ಬಂದ ಹಣದಲ್ಲಿ ೨೯,೦೦೦ ಕೊಟ್ಟು, ಎರಡು ಕೊಂಬಿನ ತೆಳುವಾದ ಮಾದರಿಯ ಹಳೆಯ ಗಿಟಾರೊಂದನ್ನು ತಮ್ಮನು ತಂದನು. ರದ್ದಿ ಅಂಗಡಿಯಲ್ಲಿ ಅದು ೩ ಕಿಲೋ ೧೦೦ ಗ್ರಾಂ ತೂಗಿತು. ಆದರೆ ಒಡಲು ಹಗುರವಾದುದರಿಂದ ಕತ್ತಿನ ಕಡೆ ಭಾರವಾಗಿ, ಕೈಬಿಟ್ಟರೆ ತುದಿಯು ನೆಲದ ಕಡೆಗೆ ಇಳಿಯುತ್ತದೆ. ತುಮಕೂರಿನ ಹುಡುಗಿಗೆ ಹೇಳಿದ ದೋಷವೇ ಇದು. ಹಬ್ಬವು ಬಾಗಿಲಿಗೆ ಬಂದಿದ್ದುದರಿಂದ ಆರಿಸಿಕೊಳ್ಳಲು ವ್ಯವಧಾನವಿರಲಿಲ್ಲ. ಉಳಿಸಿಕೊಂಡಿದ್ದ ಅಗಲದ ಪಟ್ಟಿಯ ಒಳಮೈ ಒರಟು ಚರ್ಮದ್ದಾದುದರಿಂದ ಅಂಗಿಯ ಮೇಲೆ ಜಾರದೆ ಹಿಡಿದು ನಿಲ್ಲುತ್ತದೆ. ಆ ಇಳಿತವು ಅರ್ಧಕ್ಕರ್ಧ ಕಡಮೆಯಾಯಿತು. ಹಬ್ಬದ ಮೊದಲ ಮೂರು ರಾತ್ರಿ ನಮ್ಮ ಮನೆಯವರು ಬಿಸಿನೀರನ್ನು ಕಾಯಿಸಿಟ್ಟುಕೊಂಡು ಕಾದರೂ ತಮ್ಮನು ಕೇಳಲಿಲ್ಲ. ನಾಲ್ಕನೆಯ ರಾತ್ರಿ ಎರಡು ಊರುಗಳಲ್ಲಿ ನುಡಿಸಿ ಬೆಳಗಿನ ಜಾವಕ್ಕೆ ಬಂದವನು, "ಅತ್ತಿಗೆ, ಸ್ವಲ್ಪ ಶಾಖ ಕೊಡಿ" ಎಂದನು. ಬೆರಳಿನ ಜೋಮಿನ ಮಾತನ್ನು ಎತ್ತಲಿಲ್ಲ.